ಮಗುವಿನ ತೂಕ ಕೇಳದೆ ಜ್ವರದ ಮದ್ದು ಕೊಡಬೇಡಿ

ಬದಿಯಡ್ಕದ ಒಂದು ಮೆಡಿಕಲ್‌ನಿಂದ ಈಗಷ್ಟೇ ಬಂದೆ. ಕೋಪ ಇನ್ನೂ ಇಳಿದಿಲ್ಲ. ನನ್ನ ಮುಂದೆ ನಿಂತಿದ್ದವರು ಪುಟ್ಟ ಮಗುವಿಗೆ ಜ್ವರದ ಮದ್ದು ಕೇಳಿದರು. ಅಂಗಡಿಯವರು ಬಾಟಲಿ ಕೊಟ್ಟು "ಒಂದು ಸ್ಪೂನ್" ಅಂದರು. ಅಷ್ಟೇ. ಮಗುವಿನ ತೂಕ ಎಷ್ಟು ಅಂತ ಅವರು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಪ್ಯಾರಾಸಿಟಮಾಲ್ ಕೊಡುವುದು ವಯಸ್ಸು ನೋಡಿ ಅಲ್ಲ, ತೂಕ ನೋಡಿ. ಕಿಲೋಗೆ 10ರಿಂದ 15 ಮಿಲಿಗ್ರಾಂ. ಎರಡು ಸಲದ ನಡುವೆ ಕಡಿಮೆಯೆಂದರೂ 4 ಗಂಟೆ ಬೇಕು. ಆದರೆ ಬಾಟಲಿಗಳು ಒಂದೇ ಥರ ಇರುವುದಿಲ್ಲ ಮಾರಾಯ್ರೆ! ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 250. ಹಸುಗೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಹತ್ತು ಕಿಲೋದ ಮಗುವಿಗೆ ಮೊದಲನೆಯದು 5 ಎಂಎಲ್ ಸರಿ. ಅದೇ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು. ದೊಡ್ಡವರು ನುಂಗುವ ಒಂದು ಮಾತ್ರೆ ಅದು. ಹೀಗೆ ಮತ್ತೆ ಮತ್ತೆ ಕೊಟ್ಟರೆ ಲಿವರ್ ಹಾಳಾಗುತ್ತದೆ. ಶೀತದ ಸಿರಪ್‌ನಲ್ಲೂ ಇದೇ ಮದ್ದು ಸೇರಿರುವುದುಂಟು, ಅದನ್ನು ಯಾರು ಓದುತ್ತಾರೆ?

"ನಮ್ಮ ಅಜ್ಜಿಯಂದಿರು ಯಾವ ಅಳತೆ ನೋಡಿ ಮಕ್ಕಳನ್ನು ಸಾಕಿದರು?" ಅಂತ ಕೇಳುವವರಿದ್ದಾರೆ. ಅಜ್ಜಿ ಕೊಟ್ಟದ್ದು ತುಳಸಿ ಕಷಾಯ. ಅದನ್ನೂ ಇದನ್ನೂ ಒಂದೇ ಮಾಡಬೇಡಿ.

ರಾತ್ರಿ ಮಗುವಿನ ಹಣೆ ಕಾದರೆ ನನಗೂ ಎದೆ ಧಸಕ್ಕೆನ್ನುತ್ತದೆ. ಫಿಟ್ಸ್ ಬಂದರೆ ಎಂಬ ಹೆದರಿಕೆಯಲ್ಲೇ ಸುಮಾರು ಜನ ಹೊತ್ತಿಗೆ ಮೊದಲೇ ಇನ್ನೊಂದು ಸ್ಪೂನ್ ಕುಡಿಸುತ್ತಾರೆ. ಜ್ವರದ ಫಿಟ್ಸ್ ಹೆಚ್ಚಾಗಿ ಬರುವುದು 6 ತಿಂಗಳಿಂದ 5 ವರ್ಷದೊಳಗೆ. ಪ್ಯಾರಾಸಿಟಮಾಲ್ ಅದನ್ನು ತಡೆಯುವುದಿಲ್ಲ. ಬಂದರೆ ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ನಿಂತ ಮೇಲೆ ಡಾಕ್ಟರಿಗೆ ತೋರಿಸಿ. 5 ನಿಮಿಷ ಆದರೂ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಓಡಿ. ಮದ್ದು ಕೊಡುವುದು ಮಗುವಿನ ನೋವು, ಸಂಕಟ ಕಡಿಮೆಯಾಗಲಿ ಅಂತ. 101 ಇದ್ದರೂ ಆಡಿಕೊಂಡು ನೀರು ಕುಡಿಯುತ್ತಿದ್ದರೆ ಸುಮ್ನೆ ಬಿಡಿ. ಥರ್ಮಾಮೀಟರನ್ನಲ್ಲ, ಮಗುವನ್ನು ನೋಡಿ.

"ಅದು ಸಾಕಾಗಲಿಲ್ಲ, ಸ್ಟ್ರಾಂಗ್ ಇರುವುದು ಕೊಡಿ" ಅಂತ ಕೇಳುವುದಂತೂ ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ತೋಟಗಳಲ್ಲಿ ಡೆಂಗಿ ಸೊಳ್ಳೆಗೆ ಬರವಿಲ್ಲ. ಡೆಂಗಿ ಜ್ವರಕ್ಕೆ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್ ಕೊಟ್ಟರೆ ರಕ್ತಸ್ರಾವದ ಅಪಾಯ ಜಾಸ್ತಿ.

ಮೂರು ತಿಂಗಳು ತುಂಬದ ಕೂಸಿಗೆ 100.4 ದಾಟಿದರೆ ಮೆಡಿಕಲ್‌ಗೆ ಹೋಗಲೇಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ದೊಡ್ಡ ಮಗು ಮಂಕಾಗಿ ಬಿದ್ದಿದ್ದರೆ, ಮೂತ್ರ ಕಡಿಮೆಯಾದರೆ, ಉಸಿರಾಡಲು ಕಷ್ಟಪಟ್ಟರೆ ಕೂಡ ಹಾಗೆಯೇ. ರಾತ್ರಿ ಏನು ಮಾಡುವುದೆಂದು ತಿಳಿಯದಿದ್ದರೆ ಕೇರಳ ಸರ್ಕಾರದ ಆರೋಗ್ಯ ಸಹಾಯವಾಣಿ 'ದಿಶಾ'ದ 1056ಕ್ಕೆ ಫೋನ್ ಮಾಡಿ ಕೇಳಬಹುದು.

ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುತ್ತಾರೆ, ಅಲ್ವಾ? ಅದನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಮದ್ದು ತೆಗೆದುಕೊಳ್ಳುವಾಗ ಮೊದಲು ಅದನ್ನೇ ಹೇಳಿ. ಬಾಟಲಿ ತೋರಿಸಿ ಎಷ್ಟು ಎಂಎಲ್ ಅಂತ ಕೇಳಿ, ಅಳತೆಯ ಮುಚ್ಚಳವನ್ನೋ ಸಿರಿಂಜನ್ನೋ ಕೇಳಿ ಪಡೆಯಿರಿ. ಹಿಂದೆ ಎಷ್ಟು ಉದ್ದದ ಸಾಲು ಇದ್ದರೂ ಸರಿ, ಕೇಳಿಯೇ ಬನ್ನಿ.