ಎಲೆಕ್ಟ್ರಿಷಿಯನ್ ಆಗಲು ಐಟಿಐ ಒಂದೇ ಸಾಲದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ವೈರಿಂಗ್ ಕೆಲಸದವಲ್ಲ. ಈ ಸಲ ಹೊಸನಗರದ ಕಡೆಯ ಪರಿಚಯದವರೊಬ್ಬರು ಕೇಳಿದರು: "ಅಣ್ಣಾ, ಹುಡುಗನ್ನ ಐಟಿಐಗೆ ಸೇರ್ಸದೋ, ಡಿಪ್ಲೊಮಾಕ್ಕೆ ಹಾಕದೋ?" ಸಾಗರದ ಸುತ್ತಮುತ್ತ 22 ವರ್ಷಗಳಿಂದ ಮನೆ, ಅಡಿಕೆ ಸುಲಿಯುವ ಶೆಡ್ಡು, ತೋಟದ ಪಂಪ್‌ಸೆಟ್ಟು ಎಂದು ವೈರಿಂಗ್ ಮಾಡಿಕೊಂಡು ಬಂದಿರುವ ನಾನು ಇದಕ್ಕೆ ನೇರವಾಗಿ ಉತ್ತರಿಸುವುದಿಲ್ಲ. ಹುಡುಗ ಕಂಬ ಹತ್ತುವವನಾಗಬೇಕೋ, ಕಾರ್ಖಾನೆಯ ಪ್ಯಾನೆಲ್ ನೋಡಿಕೊಳ್ಳುವವನಾಗಬೇಕೋ, ಮನೆಗಳ ವೈರಿಂಗ್ ಮಾಡುವವನಾಗಬೇಕೋ ಎಂದು ಮೊದಲು ಕೇಳುತ್ತೇನೆ. ಮೂವರನ್ನೂ ನಾವು ಎಲೆಕ್ಟ್ರಿಷಿಯನ್ ಎಂದೇ ಕರೆದರೂ ಮೂವರಿಗೂ ಬೇಕಾದ ಕಾಗದ ಬೇರೆ ಬೇರೆ.

ಮೆಸ್ಕಾಂನಲ್ಲಿ ಲೈನ್‌ಮನ್ ಆಗಲು ಐಟಿಐ ಬೇಕೇ ಬೇಕು ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಆದರೆ 2024ರಲ್ಲಿ ಕೆಪಿಟಿಸಿಎಲ್ ಮೆಸ್ಕಾಂನಂಥ ಕಂಪನಿಗಳನ್ನೂ ಸೇರಿಸಿ ಹೊರಡಿಸಿದ ಕಿರಿಯ ಪವರ್‌ಮ್ಯಾನ್ (ಅಂದರೆ ಲೈನ್‌ಮನ್) ಹುದ್ದೆಗಳ ಅಧಿಸೂಚನೆ ಕೇಳಿದ್ದು ಎಸ್ಸೆಸ್ಸೆಲ್ಸಿಯನ್ನು ಮಾತ್ರ. ಆ ಅಂಕಗಳ ಜೊತೆಗೆ 8 ಮೀಟರ್ ಕಂಬ ಹತ್ತುವುದು, ಓಟ, ಗುಂಡು ಎಸೆತ, ಸ್ಕಿಪ್ಪಿಂಗ್ ಇದ್ದವು. ಹಾಗಾಗಿ ಕಂಬದ ಮೇಲಷ್ಟೇ ಕಣ್ಣಿಟ್ಟ ಹುಡುಗ ಹತ್ತನೆಯ ತರಗತಿಯ ಅಂಕವನ್ನು ಕೈಬಿಟ್ಟು, "ಹೇಗೂ ಐಟಿಐ ಮಾಡ್ತೀನಲ್ಲ" ಎಂದು ಕುಳಿತರೆ ಲೆಕ್ಕ ತಪ್ಪುತ್ತದೆ.

ಮನೆ ಮತ್ತು ಕಾರ್ಖಾನೆಯ ಕೆಲಸಕ್ಕೆ ಐಟಿಐ ಒಳ್ಳೆಯ ಆರಂಭ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷದ್ದು. ಗಣಿತ, ವಿಜ್ಞಾನ ಓದಿ ಹತ್ತನೆಯ ತರಗತಿ ಪಾಸಾಗಿರಬೇಕು. ಹತ್ತರಲ್ಲಿ ಎಡವಿದವರಿಗೆ ಎಂಟನೆಯ ತರಗತಿಯ ಅರ್ಹತೆಯ ಮೇಲೆ ವೈರ್‌ಮನ್ ಟ್ರೇಡ್ ಇದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ, ಅದರ ಹೆಸರೇ ಎಷ್ಟೋ ಮನೆಗಳಿಗೆ ತಲುಪಿಲ್ಲ. ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಹೋಗಬಹುದು. ಆದ್ದರಿಂದ ಐಟಿಐಗೆ ಸೇರಿಸಿದರೆ ಹುಡುಗನ ಓದು ಅಲ್ಲಿಗೇ ಮುಗಿಯಿತು ಎಂದು ತಾಯಂದಿರು ಬೇಸರಪಡುವ ಅಗತ್ಯವಿಲ್ಲ. ಐಟಿಐ ಆದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕಾರ್ಖಾನೆಯಲ್ಲಿ ಕಲಿಯಲು ಅವಕಾಶವಿದೆ. ದೊಡ್ಡ ಮೋಟಾರು, ಸ್ಟಾರ್ಟರು, ಪ್ಯಾನೆಲ್ಲುಗಳ ಮುಂದೆ ನಿಂತು ಕಲಿಯುವ ಆ ಕಾಲವನ್ನು ಊರು ಬಿಡಬೇಕಾಗುತ್ತದೆಂಬ ಒಂದೇ ಕಾರಣಕ್ಕೆ ನಮ್ಮ ಹುಡುಗರು ಬಿಟ್ಟುಕೊಡುತ್ತಾರೆ.

ನನ್ನ ತಕರಾರು ಇದರ ನಂತರದ ಹೆಜ್ಜೆಯ ಬಗ್ಗೆ. ಐಟಿಐ ಪ್ರಮಾಣಪತ್ರವು ಹುಡುಗ ಕಲಿತಿದ್ದಾನೆ ಎಂದು ಹೇಳುತ್ತದೆಯೇ ಹೊರತು ನಿಮ್ಮ ಮನೆಗೆ ವೈರಿಂಗ್ ಮಾಡಬಹುದು ಎಂದು ಹೇಳುವುದಿಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದದ್ದಕ್ಕೆ ಇದ್ದಂತೆ ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ಉಳಿದ ವಿದ್ಯುತ್ ಕೆಲಸವನ್ನು ಲೈಸೆನ್ಸ್ ಪಡೆದ ಕಾಂಟ್ರಾಕ್ಟರೇ ವಹಿಸಿಕೊಳ್ಳಬೇಕು, ಅರ್ಹತಾ ಪತ್ರವಿರುವ ಸೂಪರ್‌ವೈಸರ್ ಎದುರಿಗಿದ್ದು ನೋಡಿಕೊಳ್ಳಬೇಕು, ಕೈಯಲ್ಲಿ ಮಾಡುವವನ ಬಳಿ ಪರ್ಮಿಟ್ ಇರಬೇಕು ಎಂಬುದು ನಿಯಮ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮದಲ್ಲಿ ಇದೇ ಮಾತಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಿಗೂ, ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳಿಗೂ ಅದು ದಾಟಿ ಬಂದಿದೆ. ನಮ್ಮ ರಾಜ್ಯದಲ್ಲಿ ಈ ಪರ್ಮಿಟ್ಟು, ಲೈಸೆನ್ಸುಗಳನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಐಟಿಐ ಮುಗಿಸಿ ಐದು ವರ್ಷವಾದರೂ ಆ ಕಚೇರಿಯ ಹೆಸರು ಕೇಳದ ಹುಡುಗರನ್ನು ನಾನು ಕೆಲಸದ ಜಾಗಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಅವರನ್ನು ದೂರುವ ಯೋಗ್ಯತೆ ನನಗೂ ಇರಲಿಲ್ಲವೆನ್ನಿ. ನಾನು ಕಲಿತದ್ದು ಸೋದರಮಾವನ ಹಿಂದೆ ಏಣಿ ಹೊತ್ತು. ಗೋಡೆ ಕೊರೆದು ಪೈಪು ಕೂರಿಸುವುದು, ವೈರ್ ಎಳೆಯುವುದು, ಮೂರು ಫೇಸಿಗೆ ಲೋಡ್ ಹಂಚುವುದು ಎಲ್ಲ ಕೈಗೆ ಬಂತು, ಆದರೆ ಕಾಗದ ಒಂದೂ ಇರಲಿಲ್ಲ. ನಾನು ಮಾಡಿದ ಮನೆಗೆ ಮೀಟರ್ ಬರಬೇಕಾದಾಗ, ಆ ಮನೆಯ ಹೊಸ್ತಿಲು ತುಳಿಯದ ಕಾಂಟ್ರಾಕ್ಟರೊಬ್ಬರು ವೈರಿಂಗ್ ಪೂರ್ಣಗೊಂಡ ವರದಿಗೆ ಸಹಿ ಹಾಕುತ್ತಿದ್ದರು. ಸಹಿಗೆ ಇಷ್ಟು ಎಂದು ದರವಿತ್ತು. ಅಂಥ ಒಂದು ಮನೆಯಲ್ಲಿ ವಾಷಿಂಗ್ ಮೆಷಿನ್ ಮುಟ್ಟಿದ ಅಜ್ಜಿಗೆ ಶಾಕ್ ಹೊಡೆಯಿತು. ಅರ್ತಿಂಗ್ ಗುಂಡಿ ಬಗೆದು ನೋಡಿದರೆ, ಪೈಪು ಜಂಬಿಟ್ಟಿಗೆ ಕಲ್ಲಿನ ಮೇಲೆ ಒಂದು ಗೇಣು ಆಳಕ್ಕೆ ಕೂತಿತ್ತು. ನೆಲ ಗಟ್ಟಿಯಿದೆಯೆಂದು ಅಗೆಯುವವನು ನಿಲ್ಲಿಸಿದ್ದ, ನಾನು ಇಣುಕಿ ನೋಡಿರಲಿಲ್ಲ, ಸಹಿ ಹಾಕಿದವರಂತೂ ಬಂದೇ ಇರಲಿಲ್ಲ. ಅಜ್ಜಿ ಬದುಕಿದರು. ಆಮೇಲೆ ನಾನು ಅನುಭವದ ಆಧಾರದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ವೃತ್ತಿ ಪರೀಕ್ಷೆಗೆ ಕುಳಿತೆ, ಪಾಸಾಗಿ ಪರ್ಮಿಟ್ ಮಾಡಿಸಿದೆ. ಓಮ್ಸ್ ನಿಯಮವನ್ನು ಮೂವತ್ತು ದಾಟಿದ ಮೇಲೆ ಓದಿದರೆ ಅದರ ರುಚಿಯೇ ಬೇರೆ.

ಮಲೆನಾಡಿನಲ್ಲಿ ಈ ಓದು ಶೋಕಿಗಲ್ಲ. ಜುಲೈ ತಿಂಗಳಲ್ಲಿ ನಮ್ಮ ಗೋಡೆಗಳು ನೀರು ಕುಡಿದು ನಿಂತಿರುತ್ತವೆ, ಹಳೆಯ ಜಂಕ್ಷನ್ ಬಾಕ್ಸುಗಳಲ್ಲಿ ಕರೆಂಟು ಸೋರುತ್ತದೆ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಪದೇ ಪದೇ ಟ್ರಿಪ್ ಆಗುತ್ತದೆ. ಮನೆಯವರು "ಅದನ್ನ ತಪ್ಪಿಸಿ ಕನೆಕ್ಷನ್ ಕೊಡು ಮಾರಾಯ, ಕತ್ತಲಲ್ಲಿ ಕೂರಕ್ಕಾಗ್ತದಾ" ಎನ್ನುತ್ತಾರೆ. ಕೈ ಮಾತ್ರ ಕಲಿತ ಹುಡುಗ ಎರಡೇ ನಿಮಿಷದಲ್ಲಿ ಬೈಪಾಸ್ ಮಾಡಿ ಒಳ್ಳೆಯವನೆನಿಸಿಕೊಳ್ಳುತ್ತಾನೆ. ಕಾರಣ ಬಲ್ಲವನು ವೈರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದು ಒಂದೊಂದೇ ಸರ್ಕಿಟ್ ಬಿಡಿಸಿ ಸೋರುವ ಜಾಗ ಹುಡುಕುತ್ತಾನೆ, ಅರ್ಧ ದಿನ ತೆಗೆದುಕೊಳ್ಳುತ್ತಾನೆ, ಬೈಸಿಕೊಳ್ಳುತ್ತಾನೆ. ತೋಟದಲ್ಲಿ ಅಲ್ಯೂಮಿನಿಯಂ ದೋಟಿ ಹಿಡಿದು ಅಡಿಕೆ ಕೊಯ್ಯುವವರ ತಲೆಯ ಮೇಲೇ ಲೈನ್ ಹಾದುಹೋಗುವ ಸೀಮೆ ನಮ್ಮದು. ಪಂಪ್‌ಸೆಟ್ಟಿಗೆ ವೈರ್ ಎಳೆಯುವವನು ಅದನ್ನು ಯಾವ ಮರಗಳ ನಡುವೆ, ಎಷ್ಟು ಎತ್ತರದಲ್ಲಿ ಒಯ್ಯುತ್ತಾನೆ ಎಂಬುದರ ಮೇಲೆ ಮುಂದಿನ ಕೊಯ್ಲಿನವರ ಜೀವ ನಿಂತಿದೆ.

ಈಗ ಕೆಲವು ದಿನಗಳ ತರಬೇತಿಯ ಕೌಶಲ ಪ್ರಮಾಣಪತ್ರಗಳೂ ಬಂದಿವೆ. ವರ್ಷಗಟ್ಟಲೆ ದುಡಿದವರ ಅನುಭವವನ್ನು ಗುರುತಿಸುವ ಯೋಜನೆಯ ಉದ್ದೇಶ ಒಳ್ಳೆಯದೇ. ಆ ಹಾಳೆಯನ್ನು ಪರ್ಮಿಟ್ ಎಂದು ತಿಳಿದು ಗೋಡೆಗೆ ತೂಗುಹಾಕಿಕೊಂಡವರನ್ನು ಕಂಡಾಗ ಮಾತ್ರ ಸಂಕಟವಾಗುತ್ತದೆ. ಪ್ರತಿ ಐಟಿಐಯಲ್ಲೂ ಕೊನೆಯ ವರ್ಷದ ಹುಡುಗರಿಂದ ಪರ್ಮಿಟ್ ಅರ್ಜಿಯನ್ನು ತರಗತಿಯಲ್ಲೇ ತುಂಬಿಸುವ ಕ್ರಮ ಬರಬೇಕೆಂಬುದು ನನ್ನ ಅಭಿಪ್ರಾಯ. ಮನೆ ಕಟ್ಟಿಸುವವರೂ ಚದರಡಿಗೆ ಎಷ್ಟು, ಪಾಯಿಂಟಿಗೆ ಎಷ್ಟು ಎಂದು ಕೇಳುವ ಮೊದಲು ಪರ್ಮಿಟ್ ತೋರಿಸು ಎನ್ನಲಿ, ಸಹಿ ಹಾಕುವವರು ಒಮ್ಮೆಯಾದರೂ ಮನೆಗೆ ಬಂದು ನೋಡಲಿ ಎಂದು ಹಟ ಹಿಡಿಯಲಿ. ಹಾಗೆ ಕೇಳುವ ಗಿರಾಕಿ ನನಗೆ ಈ 22 ವರ್ಷಗಳಲ್ಲಿ ಸಿಕ್ಕಿದ್ದು ಇಬ್ಬರು, ಅವರಲ್ಲಿ ಒಬ್ಬರು ನಿವೃತ್ತ ಲೈನ್‌ಮನ್.

ಹೊಸನಗರದ ಹುಡುಗ ಐಟಿಐಗೆ ಅರ್ಜಿ ಹಾಕಿದ್ದಾನೆ. ಮಳೆ ಕಳೆದ ಮೇಲೆ ಭಾನುವಾರಗಳಲ್ಲಿ ಜೊತೆಗೆ ಬಂದು ನೋಡು ಎಂದಿದ್ದೇನೆ. ಮೊದಲ ತಿಂಗಳು ಕಟಿಂಗ್ ಪ್ಲೇಯರ್ ಮುಟ್ಟಲು ಬಿಡುವುದಿಲ್ಲ. ನಾನು ಹೇಳುವ ಮೆಗ್ಗರಿನ ಅಳತೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಷ್ಟೇ ಅವನ ಕೆಲಸ.