ಮಂಕಿ ಕ್ಯಾಪ್ ಹಾಕಿದ ಆಲದ ಮರ

ತಟ್ಟೆಯಲ್ಲಿ ಪುಟ್ಟದಾಗಿ ಬೆಳೆಸಿದ ನನ್ನ ಬೋನ್ಸಾಯ್ ಆಲದ ಬುಡದಲ್ಲಿ ಇವತ್ತು ಬೆಳಿಗ್ಗೆ ಮತ್ತೆ ತಟ್ಟೆ ತುಂಬ ನೀರು. ಮೇಲೆ ಹಳದಿ ಎಲೆಗಳು ತೇಲುತ್ತಿದ್ದವು. ಯಾರ ಕೆಲಸ ಅಂತ ಕೇಳಬೇಕಾಗಿರಲಿಲ್ಲ. ಪಕ್ಕದಲ್ಲೇ ಚೊಂಬು ಇತ್ತು, ಚೊಂಬಿನ ಪಕ್ಕ ಮಾವ ಇದ್ದರು.

"ಒಂಚೂರು ನೀರು ಹಾಕಿದೆ ಅಷ್ಟೆ ಮಾರಾಯ್ತಿ. ಒಣಗಿತ್ತು" ಅಂದರು.

ಒಣಗಿರಲಿಲ್ಲ. ಆದರೆ ಮಾವ ಹುಲಿಕಲ್ ಘಾಟಿ ಕಡೆಯವರು. ಮಳೆಗಾಲವಿಡೀ ಅಂಗಳದಲ್ಲಿ ಪಾಚಿ ಕಟ್ಟುವ ಊರಿನಿಂದ ಬಂದವರಿಗೆ ನೀರು ಜಾಸ್ತಿ ಆಯ್ತು ಅಂತ ಹೇಗೆ ಹೇಳೋದು?

ಚಳಿಗಾಲದಲ್ಲಿ ಬೋನ್ಸಾಯ್ ಆಲದ ಬೆಳವಣಿಗೆ ನಿಧಾನ. ಅದು ಕುಡಿಯುವ ನೀರೂ ಕಡಿಮೆ. ಮೇಲಿನ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ಹಾಕಬೇಕು, ಅದೂ ಬೆಳಿಗ್ಗೆ. ಗೊಬ್ಬರ ಬೇಡ, ಕುಂಡ ಬದಲಿಸೋದೂ ಬೇಡ. ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತೆ, ಎಲೆ ಹಳದಿಯಾಗಿ ಉದುರುತ್ತೆ. ಉದುರಿದ ಎಲೆ ಕಂಡ ಕೂಡಲೇ ಮಾವ "ಪಾಪ, ನೀರು ಸಾಲಲಿಲ್ಲ" ಅಂತ ಇನ್ನೊಂದು ಚೊಂಬು ತರುತ್ತಾರೆ.

ಯೂಟ್ಯೂಬಿನವರನ್ನು ನಂಬೋಣ ಅಂದರೆ ಅಲ್ಲಿ ಬೇರೆಯೇ ಕಥೆ. ಹಿಮದಲ್ಲಿ ಹೂತುಹೋದ ಮೇಪಲ್, ಜುನಿಪರ್ ತೋರಿಸಿ, ಗಿಡಕ್ಕೆ ಚಳಿಯ ನಿದ್ದೆ ಬೇಕೇ ಬೇಕು ಅನ್ನುತ್ತಾರೆ. ಅವು ಚಳಿ ದೇಶದ ಮರ, ಮಲಗಲಿ. ನಮ್ಮ ಆಲಕ್ಕೆ ಬೆಚ್ಚಗಿರಬೇಕು. ಶಿವಮೊಗ್ಗದ ಜನವರಿ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ರಾತ್ರಿ ಸೂರಿನ ಕೆಳಗಿಟ್ಟು, ಬೆಳಿಗ್ಗೆ ಬಿಸಿಲು ಕಾಣಿಸಿದರೆ ಸಾಕು.

ಇದನ್ನೆಲ್ಲ ಒಂದು ಸಂಜೆ ಮಾವನಿಗೆ ಕೂತು ವಿವರಿಸಿದೆ. ಅವರ ತಲೆಗೆ ಹೋಗಿದ್ದು ಒಂದೇ ಮಾತು, ಚಳಿ ತಾಗಬಾರದು ಅನ್ನೋದು.

ಮರುದಿನ ಕಾಂಪೌಂಡ್ ಗೋಡೆ ಮೇಲೆ ನನ್ನ ಆಲ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿತ್ತು. ಮಾವನ ಕಂದು ಬಣ್ಣದ್ದೇ. ಮಫ್ಲರನ್ನೂ ಬುಡಕ್ಕೆ ಸುತ್ತಿದ್ದರು. ದಟ್ಟ ಮಂಜು ಬೇರೆ. ವಾಕಿಂಗ್ ಮುಗಿಸಿ ಬಂದ ಪಕ್ಕದ ಮನೆ ರಾಯರು ರಸ್ತೆಯಿಂದಲೇ "ನಮಸ್ಕಾರ, ಕಾಫಿ ಆಯ್ತಾ?" ಅಂದರು. ಮರ ಸುಮ್ಮನಿತ್ತು. "ರಾಶಿ ಅಡಿಕೆ ರೇಟು ಏನಾಯ್ತಂತೆ?" ಅಂದರು. ಅಡಿಕೆ ವಿಷಯಕ್ಕೂ ಉತ್ತರ ಇಲ್ಲ. ಮಲೆನಾಡಿನ ಮನುಷ್ಯ ಅಡಿಕೆ ರೇಟಿಗೂ ಬಾಯಿ ಬಿಡಲಿಲ್ಲ ಅಂದರೆ ಏನೋ ಆಗಿದೆ ಅಂತಲೇ ಅರ್ಥ ಅಲ್ವಾ? ರಾಯರು ಸೀದಾ ಗೇಟಿಗೆ ಬಂದು, ದನಿ ತಗ್ಗಿಸಿ, "ಮಾವನಿಗೆ ನನ್ನ ಮೇಲೆ ಬೇಜಾರಾ?" ಅಂತ ಕೇಳಿದರು.

ನಿಜ ಹೇಳೋದು ಹೇಗೆ? "ಗಂಟಲು ಕಟ್ಟಿದೆ" ಅಂದುಬಿಟ್ಟೆ. ಅಷ್ಟರಲ್ಲಿ ಮಾವ ತಲೆಗೆ ಟವೆಲ್ ಸುತ್ತಿಕೊಂಡು ಒಳಗಿನಿಂದ "ಯಾರದು? ರಾಯರಾ? ಬನ್ನಿ ಬನ್ನಿ" ಅಂತ ಕೂಗುತ್ತಾ ಬಂದರು. ರಾಯರು ಗೋಡೆ ನೋಡಿದರು, ಮಾವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆವತ್ತಿನಿಂದ ಅವರು ನನ್ನ ಹತ್ತಿರ ಮಾತು ಕಡಿಮೆ ಮಾಡಿದ್ದಾರೆ.

"ಮರಕ್ಕೆ ಟೋಪಿ ಎಂತಕ್ಕೆ ಮಾವ?" ಅಂದರೆ, "ಇಬ್ಬನಿ ಬೀಳೋದು ತಲೆಗೇ ಅಲ್ವಾ?" ಅಂತ ನನಗೇ ಪ್ರಶ್ನೆ.

ಪೂರ್ತಿ ಸಿಟ್ಟು ಮಾಡೋಕೂ ಆಗೋದಿಲ್ಲ. ಈ ವರ್ಷ ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟು ಇಲ್ಲಿಗೆ ಬಂದಿದ್ದಾರೆ. ಮಂಡಿ ನೋವು, ಅಡಿಕೆ ಕೊನೆ ಕೊಯ್ಯುವ ಕೊನೆಗಾರರೂ ಸಿಗೋದಿಲ್ಲ. ಊರಲ್ಲಿದ್ದಿದ್ದರೆ ಈ ಹೊತ್ತಿಗೆ ಅಡಿಕೆ ಬೇಯಿಸುವ ಒಲೆ ಉರಿಯುತ್ತಿತ್ತು, ಅಂಗಳವೆಲ್ಲ ಅಡಿಕೆ ಬೆಂದ ಚೊಗರು ನೀರಿನ ವಾಸನೆ, ರಾತ್ರಿಯಿಡೀ ಸುಲಿಯುವವರ ಹರಟೆ. ಇಲ್ಲಿ ಅವರು ಕತ್ತಲಲ್ಲೇ ಎದ್ದು, ಲೈಟ್ ಹಾಕದೆ ವರಾಂಡದಲ್ಲಿ ಓಡಾಡುತ್ತಾರೆ. ಕೈಗೆ ಕೆಲಸ ಬೇಕು. ಸಿಕ್ಕಿದ್ದು ಈ ಒಂದು ಮರ, ಅದೂ ಮೊಣಕಾಲಿನ ಎತ್ತರಕ್ಕಿಲ್ಲ.

ಹಾಗಂತ ನನ್ನ ಗಿಡ ಕೊಳೆಸೋದಾ? ದಾರಿ ತಪ್ಪಿಸೋಣ ಅಂತ ಎರಡು ಕುಂಡದಲ್ಲಿ ದೊಡ್ಡಪತ್ರೆ ನೆಟ್ಟು "ಇದು ನಿಮ್ದು ಮಾವ" ಅಂದೆ. "ಅದಕ್ಕೆ ನೀರು ಜಾಸ್ತಿ ಹಾಕಬಾರದು, ಕೊಳೀತದೆ" ಅಂದರು, ಬಹಳ ತಿಳಿದವರ ಹಾಗೆ.

ಈಗಷ್ಟೇ ಊರಿಗೆ ಫೋನ್ ಮಾಡಿ ಮುಗಿಸಿದರು. ಆಲ ಸೊರಗಿದೆಯಂತೆ, ಕೊಟ್ಟಿಗೆ ಗೊಬ್ಬರ ಬೇಕಂತೆ. ತಟ್ಟೆಯಲ್ಲಿರೋದು ನಾಲ್ಕು ಮುಷ್ಟಿ ಮಣ್ಣು. ಬೆಳಗಿನ ಬಸ್ಸಿಗೆ ಹಾಕಿಸಿರೋದು ಎರಡು ಮೂಟೆ. ಬಸ್‌ಸ್ಟ್ಯಾಂಡಿಗೆ ಹೋಗಿ, ಕಂಡಕ್ಟರ್ ಹತ್ತಿರ ಬೈಸಿಕೊಂಡು, ಇಳಿಸಿಕೊಂಡು ಬರಬೇಕಾದವಳು ನಾನು.