ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಗಳ ಶಾಲೆಯ ಅಂಗಳದಲ್ಲಿ ಎರಡು ಎತ್ತರದ ಗಳಗಳನ್ನು ನಿಲ್ಲಿಸಿರುತ್ತಾರೆ, ತುದಿಗೆ ಒಂದೊಂದು ಬುಟ್ಟಿ. ಸೀಟಿ ಊದಿದೊಡನೆ ಒಂದು, ಎರಡನೇ ತರಗತಿಯ ಮಕ್ಕಳೆಲ್ಲ ನೆಲದ ಮೇಲಿನ ಬಟ್ಟೆಯ ಚೆಂಡುಗಳನ್ನು ಬಾಚಿಬಾಚಿ ಮೇಲಕ್ಕೆ ಎಸೆಯುತ್ತಾರೆ. ಎಷ್ಟೋ ಚೆಂಡುಗಳು ಗುರಿ ತಪ್ಪಿ ಇನ್ನಾರದೋ ತಲೆಯ ಮೇಲೆ ಬೀಳುತ್ತವೆ. ಸಮಯ ಮುಗಿದ ಮೇಲೆ ಶಿಕ್ಷಕರಿಬ್ಬರು ಎರಡೂ ಬುಟ್ಟಿಗಳಿಂದ ಒಂದೊಂದೇ ಚೆಂಡನ್ನು ಆಕಾಶಕ್ಕೆ ಚಿಮ್ಮಿಸುತ್ತಾರೆ, ಇಡೀ ಶಾಲೆ ಒಕ್ಕೊರಲಿನಿಂದ ಎಣಿಸುತ್ತದೆ. ಮೊದಲು ಬರಿದಾದ ಬುಟ್ಟಿಯವರು ಸೋತರು. ಕೊನೆಯ ಚೆಂಡನ್ನು ಬುಟ್ಟಿಗೆ ಹಾಕಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅದು ತನ್ನದೇ ಎಂದು ನಂಬುವ ಹಕ್ಕು ಪ್ರತಿ ಮಗುವಿಗೂ ಇದೆ.

ನಾವಿರುವುದು ಟೋಕಿಯೊದ ಎಡೊಗಾವಾದಲ್ಲಿ. ಇಲ್ಲಿ ಭಾರತೀಯ ಕುಟುಂಬಗಳು ಬಹಳ, ಭಾರತೀಯ ಪಠ್ಯಕ್ರಮದ ಶಾಲೆಯೂ ಇದೆ. ನಾವು ಮಗಳನ್ನು ಮನೆ ಹತ್ತಿರದ ಸರ್ಕಾರಿ ಶಾಲೆಗೇ ಸೇರಿಸಿದೆವು. ಅಲ್ಲಿನ ಆಟೋಟದ ಹಬ್ಬಕ್ಕೆ ‘ಉಂದೋಕಾಯ್’ ಎನ್ನುತ್ತಾರೆ. 1874ರಲ್ಲಿ ಟೋಕಿಯೊದ ನೌಕಾಪಡೆಯ ಶಾಲೆಯಲ್ಲಿ ಇಂಗ್ಲಿಷ್ ತರಬೇತುದಾರರು ನಡೆಸಿದ ಆಟಗಳಿಂದ ಶುರುವಾದ ಪದ್ಧತಿ ಇಂದು ದೇಶದ ಮೂಲೆಮೂಲೆಯ ಪ್ರಾಥಮಿಕ ಶಾಲೆಗಳಲ್ಲಿದೆ. ಮಕ್ಕಳ ಟೋಪಿ ಒಂದು ಮಗ್ಗುಲಿಗೆ ಕೆಂಪು, ಮಗುಚಿದರೆ ಬಿಳಿ. ಇಡೀ ಶಾಲೆ ಎರಡೇ ಪಾಳಯ. ಆರನೇ ತರಗತಿಯ ಗಟ್ಟಿಗನೂ ಒಂದನೇ ತರಗತಿಯ ಪುಟ್ಟಿಯೂ ಒಂದೇ ಬಣ್ಣದವರಾಗುತ್ತಾರೆ, ಅವಳು ಹಾಕಿದ ಚೆಂಡು ಅವನ ಅಂಕಕ್ಕೆ ಸೇರುತ್ತದೆ.

ನನ್ನ ಬಾಲ್ಯದ ಶಾಲೆಯಲ್ಲಿ ಆಟವೆಂದರೆ ಆಯ್ಕೆ. ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಮೇಷ್ಟ್ರು ಸೀಟಿ ಹಿಡಿದು ಹೊರಬರುತ್ತಿದ್ದರು. ಕೊಕ್ಕೊಗೆ ಹನ್ನೆರಡು ಮಂದಿ, ಕಬಡ್ಡಿಗೆ ಅಷ್ಟೇ, ಓಟಕ್ಕೆ ನಾಲ್ಕೈದು ಜನ. ಚುರುಕಾದ ಅದೇ ಹುಡುಗರು ಮೂರರಲ್ಲೂ ಇರುತ್ತಿದ್ದರು. ಉಳಿದ ನಾವು ಸುಣ್ಣದ ಗೆರೆಯಾಚೆ ಕೂತು ಚಪ್ಪಾಳೆ ತಟ್ಟುತ್ತಿದ್ದೆವು. ಏಳು ವರ್ಷದಲ್ಲಿ ಒಮ್ಮೆಯೂ ಅಂಗಳದೊಳಗೆ ನನ್ನ ಹೆಸರನ್ನು ಯಾರೂ ಕರೆಯಲಿಲ್ಲ. ಆ ನೋವು ಇಂದಿಗೂ ಪೂರ್ತಿ ಹೋಗಿಲ್ಲ. ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಹತ್ತುವ ವ್ಯವಸ್ಥೆಯಿಂದ ಹಳ್ಳಿಯ ಎಷ್ಟೋ ಮಕ್ಕಳು ಬೆಳಕಿಗೆ ಬಂದಿದ್ದಾರೆ, ಅದು ಬೇಕು. ಆದರೆ ಎಂಟು ವರ್ಷದ ಮಗುವಿಗೆ ಆಟದ ಮೊದಲ ಪಾಠವೇ ‘ನೀನು ಬೇಡ’ ಎಂಬುದಾಗಬಾರದು.

ಶಾಲೆ ಬಿಟ್ಟ ಮೇಲೆ ಬೀದಿಯಲ್ಲಿ ನಡೆಯುತ್ತಿದ್ದುದೇ ಬೇರೆ. ಲಗೋರಿಗೋ ಕೆರೆ-ದಡಕ್ಕೋ ಅಕ್ಕನ ಸೆರಗು ಹಿಡಿದು ಬಂದ ಚಿಕ್ಕ ಮಗುವನ್ನೂ ಸೇರಿಸಿಕೊಳ್ಳುತ್ತಿದ್ದೆವು. ಔಟಾದರೂ ಔಟೆನ್ನುತ್ತಿರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈಗ ಆ ಮಾತನ್ನು ಯಾರನ್ನಾದರೂ ಹಗುರಮಾಡಲು ಬಳಸುತ್ತೇವೆ. ಅದರೊಳಗೆ ಎಂಥ ಅಕ್ಕರೆಯಿತ್ತು! ಬೀದಿ ಒಳಗೆ ಬಿಟ್ಟುಕೊಂಡ ಮಗುವನ್ನು ಶಾಲೆ ಗೆರೆಯಾಚೆ ಕೂರಿಸಿತು.

ಉಂದೋಕಾಯ್‌ನಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಓಟವಲ್ಲ, ಕೆಲಸ. ಐದು, ಆರನೇ ತರಗತಿಯ ಮಕ್ಕಳೇ ಧ್ವನಿವರ್ಧಕದಲ್ಲಿ ಘೋಷಣೆ ಮಾಡುತ್ತಾರೆ, ಹಗ್ಗ ಹೊತ್ತು ತರುತ್ತಾರೆ, ಮಂಡಿ ತರಚಿಕೊಂಡವರನ್ನು ಕೈಹಿಡಿದು ನಡೆಸುತ್ತಾರೆ. ಮಗಳಿಗೆ ಓಟದಲ್ಲಿ ಯಾವಾಗಲೂ ಕೊನೆಯ ಸ್ಥಾನ. ಐದನೇ ತರಗತಿಯಲ್ಲಿ ಅವಳಿಗೆ ಸಿಕ್ಕಿದ್ದು ಘೋಷಣೆಯ ಕೆಲಸ. ಮನೆಗೆ ನೆಂಟರು ಬಂದರೆ ಬಾಗಿಲ ಹಿಂದೆ ಸರಿಯುತ್ತಿದ್ದವಳು ಮೂರು ವಾರ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಅಂದು ಅವಳ ದನಿ ಅಂಗಳದ ತುಂಬ ಕೇಳಿಸಿದಾಗ ನನ್ನ ಹೆಂಡತಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಇಲ್ಲಿನದೆಲ್ಲ ಚೆನ್ನ ಎಂದು ನಾನು ಹೇಳುವುದಿಲ್ಲ. ಮಕ್ಕಳ ಮೇಲೆ ಮಕ್ಕಳು ಹತ್ತಿ ಪಿರಮಿಡ್ ಕಟ್ಟುವ ಹುಚ್ಚು ವರ್ಷಗಟ್ಟಲೆ ನಡೆಯಿತು. 2015ರಲ್ಲಿ ಒಸಾಕಾ ಪ್ರಾಂತ್ಯದ ಒಂದು ಪ್ರೌಢಶಾಲೆಯಲ್ಲಿ ಹತ್ತು ಅಂತಸ್ತಿನ ಪಿರಮಿಡ್ ಕುಸಿದು ಮಕ್ಕಳು ಗಾಯಗೊಂಡರು. ಸುರಕ್ಷಿತವಾಗಿ ನಡೆಸಲಾಗದಿದ್ದರೆ ಕೈಬಿಡಿ ಎಂದು ಮರುವರ್ಷ ಸರ್ಕಾರವೇ ಹೇಳಬೇಕಾಯಿತು. ಒಗ್ಗಟ್ಟಿನ ಹೆಸರಿನಲ್ಲಿ ‘ನನಗೆ ಭಯ’ ಎನ್ನುವ ಮಗುವಿನ ಬಾಯಿ ಮುಚ್ಚಿಸುವುದು ನಮಗೆ ಖಂಡಿತ ಬೇಡ.

ಬೇಕಿರುವುದು ಬುಟ್ಟಿ ಮತ್ತು ಎಣಿಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ. ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅರೆಕಾಲಿಕ ದೈಹಿಕ ಶಿಕ್ಷಕರನ್ನೂ ಕೇಳುತ್ತದೆ. ಚಿಕ್ಕ ಮಕ್ಕಳ ಪಾಲಿಗೆ ಆ ಶಿಕ್ಷಕರ ಮಾತೇ ಇಲ್ಲ, ಅದು ತಿದ್ದುಪಡಿಯಾಗಬೇಕು. ಆಗುವವರೆಗೆ ಕಾಯಬೇಕಿಲ್ಲ. ಎರಡು ಬಿದಿರು ಗಳ, ಎರಡು ಮಂಕರಿ, ಹಳೆಯ ಸೀರೆಯ ಚೂರುಗಳನ್ನು ಸುತ್ತಿ ಹೊಲಿದ ನೂರು ಚೆಂಡು ಯಾವ ಊರಿನಲ್ಲಿ ಸಿಗುವುದಿಲ್ಲ?

ಕಳೆದ ಜನವರಿಯಲ್ಲಿ ಊರಿಗೆ ಹೋದಾಗ ನಾನು ಓದಿದ ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಮುಂದೆ ಇದನ್ನೇ ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. “ಚೆಂಡು ಹೊಲಿಯಲು ಬಿಸಿಯೂಟದ ಅಮ್ಮಂದಿರನ್ನೇ ಕೇಳೋಣ, ಗಳ ನೀವು ತರಿಸಿ” ಎಂದರು. ಮರುದಿನ ಬೆಳಿಗ್ಗೆ ಅಣ್ಣನ ತೋಟದಿಂದ ಎರಡು ಗಳ ಕಡಿಸಿ ತಂದೆ. ಗುಂಡಿ ತೋಡಲು ಏಳನೇ ತರಗತಿಯ ಹುಡುಗರು ಹಾರೆ ಹಿಡಿದು ಆಗಲೇ ನಿಂತಿದ್ದರು.